ಹಣೆ ಮೇಲಿನ ಮೈಕು: ಬ್ರಾಡ್‌ವೇ ಗಾಯಕರ ದನಿ ಯಾರ ಕೈಗೆ ಹೋಯ್ತು?

ಇವತ್ತಿನ ಕಥೆ ಶುರುವಾಗೋದು ಒಂದು ಅಪ್ಪುಗೆಯಿಂದ.

ನ್ಯೂಯಾರ್ಕಿನ ಬ್ರಾಡ್‌ವೇಯಲ್ಲೋ ಲಂಡನ್ನಿನ ವೆಸ್ಟ್ ಎಂಡ್‌ನಲ್ಲೋ ಒಂದು ದೊಡ್ಡ ಮ್ಯೂಸಿಕಲ್ ನಡೀತಿದೆ ಅಂತ ಇಟ್ಕೊಳ್ಳಿ. ಮ್ಯೂಸಿಕಲ್ ಅಂದ್ರೆ ಹಾಡು, ಕುಣಿತ, ಮಾತು ಮೂರೂ ಬೆರೆತ ನಾಟಕ. ನಾಯಕ, ನಾಯಕಿ ಹತ್ತಿರ ಬರ್ತಾರೆ, ಅಪ್ಪಿಕೊಳ್ತಾರೆ, ಅಪ್ಪಿಕೊಂಡೇ ಹಾಡ್ತಾರೆ. ಇಬ್ಬರ ಹಣೆ ಮೇಲೂ, ಕೂದಲು ಶುರುವಾಗೋ ಜಾಗದಲ್ಲಿ, ಕಡಲೆಕಾಳಿಗಿಂತ ಚಿಕ್ಕದೊಂದು ಮೈಕು ಅಂಟಿಸಿರ್ತಾರೆ. ಈಗ ಸಮಸ್ಯೆ ನೋಡಿ. ಅವಳ ದನಿ ಅವಳ ಮೈಕಿಗೂ ಬೀಳುತ್ತೆ, ಅವನ ಮೈಕಿಗೂ ಬೀಳುತ್ತೆ, ಆದರೆ ಒಂಚೂರು ಹಿಂದೆ ಮುಂದೆ. ಎರಡನ್ನೂ ಒಟ್ಟಿಗೆ ಸ್ಪೀಕರಿಗೆ ಬಿಟ್ರೆ ಡಬ್ಬದೊಳಗಿಂದ ಹಾಡಿದ ಹಾಗೆ ಟೊಳ್ಳಾಗಿ ಕೇಳುತ್ತೆ. ಅದಕ್ಕೆ ಪ್ರೇಕ್ಷಕರ ಹಿಂದೆ, ಮಿಕ್ಸರ್ ಮುಂದೆ ಕೂತಿರೋ ಒಬ್ಬರು ಅವಳ ಮೈಕನ್ನ ಸದ್ದಿಲ್ಲದೆ ಮುಚ್ಚಿಬಿಡ್ತಾರೆ. ಅಪ್ಪುಗೆ ಬಿಡೋ ತನಕ ಅವಳ ಹಾಡು ನಮಗೆ ಕೇಳೋದು ಅವನ ಹಣೆಯ ಮೂಲಕ. ಹಾಲ್‌ನಲ್ಲಿ ಕೂತ ಸಾವಿರ ಜನಕ್ಕೆ ಇದು ಗೊತ್ತೇ ಆಗಲ್ಲ.

ಬಾಡಿ ಮೈಕ್ ಬಂದಿದ್ದು ದನಿ ಜೋರು ಮಾಡೋಕೆ ಅಂತ ಎಲ್ಲರೂ ಅಂದ್ಕೋತಾರೆ. ನನಗೆ ಅದರ ಇತಿಹಾಸ ಓದ್ತಾ ಓದ್ತಾ ಅನಿಸಿದ್ದು ಬೇರೆ. ಈ ಸಾಲು ಎಷ್ಟು ಜೋರಾಗಿ ಕೇಳಬೇಕು, ಈ ಕ್ಷಣ ಯಾರ ದನಿ ಮುಂದೆ ಬರಬೇಕು ಅನ್ನೋ ತೀರ್ಮಾನ ಮೊದಲು ನಟರ ಎದೆಗೂಡಿನಲ್ಲಿತ್ತು. ಮೈಕು ಅದನ್ನ ಎತ್ತಿಕೊಂಡು ಹೋಗಿ ಹಾಲ್‌ನ ಹಿಂದಿನ ಸಾಲಿನಲ್ಲಿ ಇಟ್ಟಿತು. ಅದರಿಂದ ಹಾಡು ಬರೆಯೋ ರೀತಿಯೇ ಬದಲಾಯ್ತು, ಯಾರು ಹಾಡಬಹುದು ಅನ್ನೋದೂ ಬದಲಾಯ್ತು.

ಮೊದಲು ಹೇಗಿತ್ತು? 1930ರಲ್ಲಿ ‘ಗರ್ಲ್ ಕ್ರೇಜಿ’ ಅನ್ನೋ ಮ್ಯೂಸಿಕಲ್‌ನಲ್ಲಿ ಎಥೆಲ್ ಮರ್ಮನ್ ಅನ್ನೋ ಹುಡುಗಿ ಬ್ರಾಡ್‌ವೇಗೆ ಕಾಲಿಟ್ಟಳು. ಅದಕ್ಕೆ ಮುಂಚೆ ಆಕೆ ಆಫೀಸಿನಲ್ಲಿ ಸ್ಟೆನೋಗ್ರಾಫರ್. ಸಂಗೀತದ ಪಾಠ ಹೇಳಿಸಿಕೊಂಡವಳಲ್ಲ. ಆದರೆ ಕಂಠ ಹೇಗಿತ್ತು ಅಂದ್ರೆ, ಮೈಕಿಲ್ಲದೆ, ಬ್ಯಾಂಡಿನ ಮೇಲೆ, ಬಾಲ್ಕನಿಯ ಕಡೇ ಸಾಲಿಗೂ ಒಂದೊಂದು ಪದ ಸ್ಪಷ್ಟವಾಗಿ ತಲುಪೋದು. ಮುಂದಿನ ಮೂವತ್ತು ವರ್ಷ ಆಕೆ ಬ್ರಾಡ್‌ವೇಯ ರಾಣಿ. ಇಂಥ ಹಾಡುಗಾರಿಕೆಗೆ ಅಲ್ಲಿ ‘ಬೆಲ್ಟಿಂಗ್’ ಅಂತಾರೆ. ಎದೆಯಿಂದ ಎತ್ತಿ ಒಗೆದ ಹಾಗೆ ಹಾಡೋದು.

ಆದ್ರೆ ಎಲ್ಲರೂ ಮರ್ಮನ್ ಆಗೋಕಾಗಲ್ವಲ್ಲ. ಉಳಿದವರಿಗಾಗಿ ಇಡೀ ವ್ಯವಸ್ಥೆಯೇ ತಗ್ಗಿ ನಡೀತಿತ್ತು. ಗಾಯಕರು ಬಾಯಿ ತೆರೆದ ತಕ್ಷಣ ವಾದ್ಯಗಳು ತೆಳುವಾಗಬೇಕು, ಹಾಗೆ ಸ್ವರ ಹಂಚಿ ಬರೀತಿದ್ರು. ಮುಖ್ಯ ಹಾಡನ್ನ ರಂಗದ ಮುಂದಕ್ಕೆ ಬಂದು, ಪ್ರೇಕ್ಷಕರಿಗೆ ಮುಖ ಮಾಡಿಯೇ ಹಾಡಬೇಕು. ಪಿಸುಮಾತಿನ ಹಾಡು ಅನ್ನೋದೇ ಇಲ್ಲ. ವಾರಕ್ಕೆ ಎಂಟು ಶೋ, ಗಂಟಲು ಕೈ ಕೊಟ್ರೆ ಮುಗೀತು.

ನಂತರ ರಂಗದ ಅಂಚಿಗೆ, ಕಾಲ ಬಳಿ ಸಾಲಾಗಿ ಮೈಕ್ ಇಡೋ ಪದ್ಧತಿ ಬಂತು. ಅದೂ ನಟರನ್ನ ಕಟ್ಟಿಹಾಕ್ತು. ಮೈಕಿನ ಹತ್ತಿರ ಇದ್ರೆ ದನಿ, ಎರಡು ಹೆಜ್ಜೆ ಹಿಂದೆ ಹೋದ್ರೆ ಇಲ್ಲ. ಕುಣಿದ್ರೆ ಹಾಡಿಗಿಂತ ಬೂಟಿನ ಸದ್ದೇ ಜೋರು. ನಮ್ಮ ಊರ ಜಾತ್ರೆಯಲ್ಲಿ ಪೌರಾಣಿಕ ನಾಟಕ ನೋಡಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಮೇಲಿಂದ ಇಳಿಬಿಟ್ಟ ಒಂದೇ ಮೈಕು, ದುರ್ಯೋಧನ ಎಲ್ಲೇ ಅಬ್ಬರಿಸುತ್ತಿರಲಿ, ಕಂದ ಹೇಳೋಕೆ ಅದರ ಕೆಳಗೇ ಬಂದು ನಿಲ್ಲಬೇಕು!

ತಿರುವು ತಂದಿದ್ದು ರಾಕ್ ಸಂಗೀತ. 1968ರಲ್ಲಿ ‘ಹೇರ್’ ಬ್ರಾಡ್‌ವೇಗೆ ಬಂತು. ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್. ಇದರ ಮುಂದೆ ಬರೀ ಗಂಟಲು ಏನೂ ಮಾಡೋಕಾಗಲ್ಲ. ಅವರು ಮುಚ್ಚುಮರೆ ಮಾಡದೆ ಕೈಯಲ್ಲಿ ಮೈಕ್ ಹಿಡಿದೇ ಹಾಡಿದ್ರು. ಕಥೆ ಹಿಪ್ಪಿಗಳದ್ದು, ಆದ್ದರಿಂದ ಅದು ಒಪ್ಪಿಗೆಯೂ ಆಯ್ತು.

ಮೂರೇ ವರ್ಷಕ್ಕೆ, 1971ರಲ್ಲಿ, ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’. ಕಥೆ ಎರಡು ಸಾವಿರ ವರ್ಷ ಹಿಂದಿನದು, ಸಂಗೀತ ಮಾತ್ರ ರಾಕ್. ಏಸುವಿನ ಕೈಲಿ ಮೈಕ್ ಕೊಡೋದು ಹೇಗೆ? ವೈರ್‌ಲೆಸ್ ಮೈಕ್ ಹಾಕಿ ನೋಡಿದ್ರು. ಆ ಕಾಲದ ವೈರ್‌ಲೆಸ್ ಅಂದ್ರೆ ನಂಬೋ ಹಾಗಿರಲಿಲ್ಲ, ಹೊರಗಿನ ರೇಡಿಯೋ ಸಂಕೇತಗಳೆಲ್ಲ ನುಗ್ಗಿಬರ್ತಿದ್ವು. ಶೋ ಶುರುವಾಗೋ ಮೊದಲೇ ಸೌಂಡ್ ಕೈಕೊಟ್ಟಿತು. ಆಗ ಕರೆಸಿದ್ದು ಏಬ್ ಜೇಕಬ್ ಅನ್ನೋ ಯುವಕನನ್ನ. ರಾಕ್ ಕಾನ್ಸರ್ಟ್‌ಗಳಲ್ಲಿ ಸೌಂಡ್ ಮಾಡಿ ಪಳಗಿದ್ದವನು. ಅವನು ವೈರ್‌ಲೆಸ್ ಎಲ್ಲ ಕಿತ್ತುಹಾಕಿ ವೈರ್ ಇರೋ ಮೈಕನ್ನೇ ಕೈಗೆ ಕೊಟ್ಟ. ವೈರು ಕಾಣಬಾರದು ಅಂತ ಹಗ್ಗದ ವೇಷ ಹಾಕಿಸಿದ್ರು. ಬೈಬಲ್ ಕಾಲದ ಮನುಷ್ಯರು ಹಗ್ಗ ಹಿಡಿದುಕೊಂಡು ಹಾಡ್ತಾರೆ, ಹಗ್ಗದೊಳಗೆ ಕರೆಂಟು. ನನಗೆ ಈ ಕಥೆ ತುಂಬಾ ಇಷ್ಟ. ಇಂದು ಬ್ರಾಡ್‌ವೇಯ ಧ್ವನಿ ವಿನ್ಯಾಸದ ಪಿತಾಮಹ ಅಂತ ಏಬ್ ಜೇಕಬ್‌ರನ್ನೇ ಕರೀತಾರೆ.

ಬಾಡಿ ಮೈಕ್ ಗೆದ್ದಿದ್ದು ಎಂಬತ್ತರ ದಶಕದ ಲಂಡನ್ನಿನಲ್ಲಿ. 1981ರಲ್ಲಿ ‘ಕ್ಯಾಟ್ಸ್’ ಬಂತು. ನಟರೆಲ್ಲ ಬೆಕ್ಕುಗಳು, ಪ್ರೇಕ್ಷಕರ ನಡುವೆ ತೆವಳಿಕೊಂಡು ಬರ್ತಾರೆ. 1984ರಲ್ಲಿ ‘ಸ್ಟಾರ್‌ಲೈಟ್ ಎಕ್ಸ್‌ಪ್ರೆಸ್’, ನಟರೆಲ್ಲ ರೈಲುಗಾಡಿಗಳು! ರೋಲರ್ ಸ್ಕೇಟ್ಸ್ ಕಟ್ಟಿಕೊಂಡು ಹಾಲ್ ಸುತ್ತ ಓಡ್ತಾರೆ. ಅವರಿಗೆ ಕಾಲ ಬಳಿಯ ಮೈಕ್ ಇಟ್ಟು ಏನು ಪ್ರಯೋಜನ? 1985ರಲ್ಲಿ ‘ಲೆ ಮಿಸೆರಾಬ್ಲ್’, ಮೂರು ಗಂಟೆ ಹೆಚ್ಚುಕಮ್ಮಿ ಪೂರ್ತಿ ಹಾಡಿನಲ್ಲೇ ನಡೆಯೋ ಕಥೆ, ಒಂದು ಸಾಲು ತಪ್ಪಿದ್ರೂ ಕಥೆ ಕೈ ತಪ್ಪುತ್ತೆ. ಮಾರ್ಟಿನ್ ಲೆವಾನ್, ಆಂಡ್ರ್ಯೂ ಬ್ರೂಸ್ ಅಂಥ ಧ್ವನಿ ವಿನ್ಯಾಸಕರು ಈ ಶೋಗಳಲ್ಲಿ ಕೆಲಸ ಮಾಡ್ತಾ ಕಲೆಯನ್ನೇ ಹೊಸದಾಗಿ ಕಟ್ಟಿದ್ರು.

ಒಂದು ಸಣ್ಣ ಬದಲಾವಣೆ ಎಲ್ಲದಕ್ಕಿಂತ ಮುಖ್ಯ ಅಂತ ನನ್ನ ಲೆಕ್ಕ. ಮೈಕು ಎದೆಯಿಂದ ತಲೆಗೆ ಏರಿತು. ಟಿವಿ ಆ್ಯಂಕರ್‌ಗಳ ಕಾಲರ್ ಮೈಕ್ ಎದೆ ಮೇಲಿರುತ್ತಲ್ಲ, ಅಲ್ಲಿ ಎರಡು ತೊಂದರೆ. ತಲೆ ತಿರುಗಿಸಿದ್ರೆ ದನಿ ಹಾರುತ್ತೆ, ಬಟ್ಟೆ ಉಜ್ಜಿದ್ರೆ ಪರಪರ. ಹಣೆಗೆ ಅಂಟಿಸಿದ್ರೆ ತಲೆ ಎತ್ತ ತಿರುಗಿದ್ರೂ ಬಾಯಿಗೂ ಮೈಕಿಗೂ ದೂರ ಬದಲಾಗಲ್ಲ. ವಿಗ್ ಇದ್ರೆ ಮೈಕು ಕಾಣೋದೂ ಇಲ್ಲ. ವೈರು ತಲೆ ಹಿಂದಿನಿಂದ ಬೆನ್ನಿಗಿಳಿದು ಸೊಂಟದ ಟ್ರಾನ್ಸ್‌ಮಿಟರ್‌ಗೆ ಹೋಗುತ್ತೆ.

ಇದರ ಶತ್ರು ಬೆವರು. ಒಂದು ಹನಿ ಮೈಕಿನ ಬಾಯಿಗೆ ಕೂತ್ರೆ ನಾಯಕ ನೀರೊಳಗೆ ಮುಳುಗಿ ಹಾಡಿದ ಹಾಗೆ ಕೇಳುತ್ತೆ. ಟ್ರಾನ್ಸ್‌ಮಿಟರ್‌ಗೆ ಬೆವರು ಇಳಿಯದಿರಲಿ ಅಂತ ರಂಗದ ಹಿಂದೆ ಏನು ಬಳಸ್ತಾರೆ ಗೊತ್ತಾ? ಕಾಂಡೋಮ್. ನಗಬೇಡಿ, ನಿಜ. ಜಿಡ್ಡು ಹಚ್ಚಿರದ ಕಾಂಡೋಮ್‌ಗಳನ್ನ ನಾಟಕ ಕಂಪನಿಗಳು ಡಬ್ಬಗಟ್ಟಲೆ ತರಿಸಿಕೊಳ್ತಾವೆ. ಮುಖ್ಯ ಪಾತ್ರಧಾರಿಗೆ ಎಷ್ಟೋ ಕಡೆ ಎರಡು ಮೈಕ್, ಒಂದು ಸತ್ರೆ ಇನ್ನೊಂದು ಇರಲಿ ಅಂತ. ಶೋ ನಡೆಯೋವಾಗ ರಂಗದ ಹಿಂದೆ ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಮುಂದಿನ ದೃಶ್ಯಕ್ಕೆ ಹೋಗೋ ಒಬ್ಬೊಬ್ಬರ ಮೈಕನ್ನೂ ಕೇಳಿ ನೋಡಿ ಕಳಿಸ್ತಾರೆ.

ಇನ್ನು ಮಿಕ್ಸರ್ ಮುಂದೆ ಕೂತವರು. ಮೂವತ್ತು ಜನ ರಂಗದ ಮೇಲಿದ್ರೆ ಮೂವತ್ತು ಮೈಕನ್ನೂ ತೆರೆದಿಡೋ ಹಾಗಿಲ್ಲ. ತೆರೆದಷ್ಟೂ ಉಸಿರು, ಹೆಜ್ಜೆ, ಡ್ರಮ್ಸ್ ಎಲ್ಲ ಒಳಗೆ ಬಂದು ಕಲಸುಮೇಲೋಗರ. ಅದಕ್ಕೆ ಸಾಲು ಸಾಲಿಗೆ ಮೈಕ್ ತೆರೆದು ಮುಚ್ಚಬೇಕು. ಮಾತು ಬಾಯಿಂದ ಹೊರಡೋ ಮೊದಲಿನ ಕ್ಷಣ ತೆರೆಯಬೇಕು, ಮುಗಿದ ತಕ್ಷಣ ಮುಚ್ಚಬೇಕು. ಎರಡೂವರೆ ಗಂಟೆ, ಎಡಬಿಡದೆ. ತಡವಾಗಿ ತೆರೆದ್ರೆ ಮೊದಲ ಅಕ್ಷರ ಕಳೆದುಹೋಗುತ್ತೆ. ಮುಚ್ಚೋಕೆ ಮರೆತ್ರೆ ನಟ ರಂಗದ ಹಿಂದೆ ಕೆಮ್ಮಿದ್ದೂ, ಬೈದಿದ್ದೂ ಹಾಲಿಗೆಲ್ಲ ಪ್ರಸಾದ. ಇದನ್ನ ನಾನು ಯಂತ್ರ ನಡೆಸೋ ಕೆಲಸ ಅಂತ ಒಪ್ಪಲ್ಲ. ಗಾಯಕರ ಜೊತೆ ಉಸಿರು ಹಿಡಿದು ನುಡಿಸೋ ಪಕ್ಕವಾದ್ಯ ಇದು.

ವಿರೋಧ ಇರಲಿಲ್ವಾ? ಜೋರಾಗೇ ಇತ್ತು. ನಾಟಕ ನೋಡೋಕೆ ಬಂದ್ರೆ ಸಿನಿಮಾ ಕೇಳಿದ ಹಾಗಿದೆ ಅನ್ನೋದು ಹಳೇ ದೂರು. ಇಪ್ಪತ್ತು ಜನ ನಿಂತಿದ್ದಾರೆ, ದನಿ ಪಕ್ಕದ ಸ್ಪೀಕರಿನಿಂದ ಬರ್ತಿದೆ, ಯಾರು ಹಾಡ್ತಿದ್ದಾರೆ ಅಂತ ಬಾಯಿ ಅಲ್ಲಾಡೋದನ್ನ ಹುಡುಕಬೇಕು. ಆ ದೂರಿನಲ್ಲಿ ನ್ಯಾಯ ಇತ್ತು. ಇದಕ್ಕೆ ಉತ್ತರ ಸಿಕ್ಕಿದ್ದು ಕಿವಿಯ ಗುಣದಲ್ಲಿ. ಒಂದೇ ಸದ್ದು ಎರಡು ಕಡೆಯಿಂದ ಬಂದ್ರೆ ಮೊದಲು ಮುಟ್ಟಿದ ದಿಕ್ಕನ್ನೇ ನಮ್ಮ ಕಿವಿ ನಂಬುತ್ತೆ. ಹೆಲ್ಮುಟ್ ಹಾಸ್ ಅನ್ನೋ ಜರ್ಮನ್ ಸಂಶೋಧಕ 1949ರಲ್ಲೇ ಇದನ್ನ ಪರೀಕ್ಷೆ ಮಾಡಿ ಬರೆದಿದ್ದ. ಸದ್ದು ಗಾಳಿಯಲ್ಲಿ ಒಂದು ಮೀಟರ್ ಹೋಗೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು, ಆದರೆ ವೈರಿನಲ್ಲಿ ಕ್ಷಣಾರ್ಧವೂ ಬೇಡ. ಹಾಗಾಗಿ ಸ್ಪೀಕರಿನ ಸದ್ದನ್ನ ಬೇಕಂತಲೇ ಕೆಲವು ಮಿಲಿಸೆಕೆಂಡ್ ತಡ ಮಾಡ್ತಾರೆ. ನಟಿಯ ಸ್ವಂತ ದನಿ ಮೊದಲು ಬರುತ್ತೆ, ಬಲ ಹಿಂದಿನಿಂದ ಸೇರುತ್ತೆ. ದನಿ ಅವಳ ಬಾಯಿಂದಲೇ ಬಂತು ಅನಿಸುತ್ತೆ.

ಹಾಗಾದ್ರೆ ಮೈಕಿನಿಂದ ಕಳಕೊಂಡಿದ್ದೇನು? ಮರ್ಮನ್ ತರಹದ ಕಂಠ ಈಗ ಅನಿವಾರ್ಯವಲ್ಲ, ಅಂಥದ್ದೊಂದು ದನಿ ಹಸಿಹಸಿಯಾಗಿ ಮೈಗೆ ತಾಗೋ ಅನುಭವ ಅಪರೂಪ ಆಯ್ತು. ಅದು ನಿಜವಾದ ನಷ್ಟ. ಆದರೆ ಗಳಿಕೆ ಅದಕ್ಕಿಂತ ದೊಡ್ಡದು ಅಂತ ನಾನು ಹೇಳ್ತೀನಿ. ತೆಳು ಕಂಠದವರು, ಮಾತಾಡಿದ ಹಾಗೆ ಹಾಡೋರು, ಪಿಸುಗುಟ್ಟೋರು ರಂಗಕ್ಕೆ ಬಂದ್ರು. 2015ರ ‘ಹ್ಯಾಮಿಲ್ಟನ್’ ತಗೊಳ್ಳಿ. ಅದರಲ್ಲಿ 20 ಸಾವಿರಕ್ಕೂ ಹೆಚ್ಚು ಪದಗಳಿವೆ, ಬಹುಪಾಲು ರ‍್ಯಾಪ್. ಅಷ್ಟು ವೇಗದ ವ್ಯಂಜನಗಳು ಬೀಟ್ ಮೇಲೆ ಕಡೇ ಸಾಲಿಗೆ ತಲುಪೋದು ಹಣೆ ಮೇಲಿನ ಆ ಮೈಕಿಲ್ಲದೆ ಆಗದ ಮಾತು.

ಇಷ್ಟಾದ್ರೂ ಈ ಕೆಲಸ ಮಾಡೋರಿಗೆ ಹೆಸರಿದೆಯಾ? ಬ್ರಾಡ್‌ವೇಯ ದೊಡ್ಡ ಪ್ರಶಸ್ತಿ ಟೋನಿ. ಅದರಲ್ಲಿ ಧ್ವನಿ ವಿನ್ಯಾಸಕ್ಕೆ ಜಾಗ ಸಿಕ್ಕಿದ್ದೇ 2008ರಲ್ಲಿ. ಮ್ಯೂಸಿಕಲ್ ವಿಭಾಗದಲ್ಲಿ ಮೊದಲ ಪ್ರಶಸ್ತಿ ಸ್ಕಾಟ್ ಲೆರರ್‌ಗೆ, ‘ಸೌತ್ ಪೆಸಿಫಿಕ್’ ಮರುಪ್ರದರ್ಶನಕ್ಕಾಗಿ. ಸ್ವಾರಸ್ಯ ನೋಡಿ, ಅದು ಮೂಲತಃ 1949ರ ನಾಟಕ, ಬಾಡಿ ಮೈಕ್ ಇಲ್ಲದ ಕಾಲದ್ದು. ಆರು ವರ್ಷ ಕಳೀತು. 2014ರ ಜೂನ್‌ನಲ್ಲಿ ಆ ವಿಭಾಗವನ್ನೇ ತೆಗೆದುಹಾಕಿದ್ರು. ಮತ ಹಾಕೋ ಎಷ್ಟೋ ಮಂದಿಗೆ ಇದನ್ನ ಅಳೆಯೋದು ಹೇಗೆ ಅಂತ ಗೊತ್ತಿಲ್ಲ ಅನ್ನೋ ಕಾರಣ ಆಗ ಪತ್ರಿಕೆಗಳಲ್ಲಿ ಬಂತು. 30 ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದ್ರು. ಪ್ರಶಸ್ತಿ ವಾಪಸ್ ಬಂದಿದ್ದು 2018ಕ್ಕೆ. ಚೆನ್ನಾಗಿ ಮಾಡಿದ್ರೆ ಕಾಣದೇ ಹೋಗೋ ಕೆಲಸ, ಕಾಣದೇ ಇರೋದಕ್ಕೇ ಪ್ರಶಸ್ತಿ ಹೋಯ್ತು.

ಕೊನೆಗೆ ಒಂದು ವಿಷಯ, ಇದು ನಿಮ್ಮ ಕೈಲಿರೋ ಫೋನಿಗೆ ಸಂಬಂಧಪಟ್ಟಿದ್ದು. ವೈರ್‌ಲೆಸ್ ಮೈಕುಗಳು ಓಡ್ತಿದ್ದಿದ್ದು ಟಿವಿ ಚಾನೆಲ್‌ಗಳ ನಡುವೆ ಖಾಲಿ ಉಳಿದ ತರಂಗಗಳಲ್ಲಿ. ಅಮೆರಿಕದ ಬಹುತೇಕ ಥಿಯೇಟರ್‌ಗಳಿಗೆ ಅದಕ್ಕೆ ಲೈಸೆನ್ಸೂ ಇರಲಿಲ್ಲ, ಯಾರೂ ಕೇಳ್ತಿರಲಿಲ್ಲ ಅಷ್ಟೇ. ಆಮೇಲೆ ಸ್ಮಾರ್ಟ್‌ಫೋನ್ ಬಂತು, ಆ ತರಂಗಗಳಿಗೆ ಚಿನ್ನದ ಬೆಲೆ ಬಂತು. ಸರ್ಕಾರ 2008ರಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯನ್ನ ಮೊಬೈಲ್ ಕಂಪನಿಗಳಿಗೆ ಹರಾಜು ಹಾಕಿತು. 2010ರ ಜೂನ್ 12ರೊಳಗೆ ಮೈಕುಗಳು ಅಲ್ಲಿಂದ ಜಾಗ ಖಾಲಿ ಮಾಡಬೇಕಾಯ್ತು. (ನಮ್ಮಲ್ಲಿ ಜಿಯೋ 2022ರ ಹರಾಜಿನಲ್ಲಿ 5ಜಿಗೆ ಅಂತ ಕೊಂಡಿದ್ದೂ ಇದೇ 700ರ ಪಟ್ಟಿಯನ್ನೇ.) ಥಿಯೇಟರ್‌ಗಳು ಹಳೇ ಸೆಟ್ ಬಿಸಾಕಿ ಹೊಸದು ಕೊಂಡ್ವು. ಎಷ್ಟೋ ಮಂದಿ ಕೊಂಡಿದ್ದು 600ರ ಪಟ್ಟಿಯ ಮೈಕುಗಳನ್ನ. 2017ರಲ್ಲಿ ಅದೂ ಬಹುಪಾಲು ಹರಾಜಾಯ್ತು!

ಜಾಗ ಕಿರಿದಾದಷ್ಟೂ ಲೆಕ್ಕ ಕಷ್ಟ. 600 ಮತ್ತು 601 ಮೆಗಾಹರ್ಟ್ಸ್‌ನಲ್ಲಿ ಎರಡು ಮೈಕ್ ಅಕ್ಕಪಕ್ಕ ಓಡಿದ್ರೆ 599ರಲ್ಲೂ 602ರಲ್ಲೂ ಅವುಗಳ ಭೂತ ಹುಟ್ಟಿಕೊಳ್ಳುತ್ತೆ, ಮೂರನೆಯವರನ್ನ ಅಲ್ಲಿ ಕೂರಿಸೋ ಹಾಗಿಲ್ಲ. ಮೂವತ್ತು ನಲವತ್ತು ಮೈಕಿಗೆ ಹೀಗೆ ಜಾಗ ಹುಡುಕೋದು ಮದುವೆ ಮನೆಯಲ್ಲಿ ಜಗಳವಾಡಿದ ನೆಂಟರನ್ನ ದೂರ ದೂರ ಕೂರಿಸಿದ ಹಾಗೆ.

600ರ ಪಟ್ಟಿ ಬಿಡೋಕೆ ಕೊಟ್ಟಿದ್ದ ಕಡೇ ಗಡುವು 2020ರ ಜುಲೈ 13. ಅವತ್ತು ಬ್ರಾಡ್‌ವೇಯಲ್ಲಿ ಬಾಗಿಲುಗಳೇ ತೆರೆದಿರಲಿಲ್ಲ. ಕೋವಿಡ್‌ನಿಂದ ಮಾರ್ಚ್ 12ಕ್ಕೇ ಎಲ್ಲ ಥಿಯೇಟರ್ ಮುಚ್ಚಿದ್ವು. 2021ರ ಸೆಪ್ಟೆಂಬರ್ 14ರಂದು ‘ಹ್ಯಾಮಿಲ್ಟನ್’, ‘ವಿಕೆಡ್’, ‘ದಿ ಲಯನ್ ಕಿಂಗ್’ ಮತ್ತೆ ಶುರುವಾದ್ವು.