ಬಾವಿಗೆ ದುಡ್ಡು ಎಲ್ಲಿಂದ? ಕಾಸರಗೋಡಿನ ಜಮಾಅತ್, ಕ್ಲಬ್‌ಗಳು ತಿಳಿದಿರಬೇಕಾದ ವಿಷಯ

ಕೇರಳದ 44 ನದಿಗಳಲ್ಲಿ 12 ಕಾಸರಗೋಡು ಜಿಲ್ಲೆಯಲ್ಲೇ ಉಂಟು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಆದರೂ ಮಾರ್ಚ್ ದಾಟಿದರೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಎಷ್ಟೋ ಬಾವಿಗಳ ತಳ ಕಾಣ್ತದೆ. ಮುರಕಲ್ಲಿನ ನೆಲದಲ್ಲಿ ನೀರು ಹೆಚ್ಚು ದಿನ ನಿಲ್ಲುವುದಿಲ್ಲ. ಆಗ ಎಲ್ಲ ಕಡೆ ಒಂದೇ ಮಾತು: ಒಂದು ಬಾವಿ ತೋಡುವ, ದುಡ್ಡು ಯಾರಲ್ಲಿ ಕೇಳುವುದು?

ಅದಕ್ಕಿಂತ ಮೊದಲು ಕೇಳಬೇಕಾದ್ದು, ಜಾಗ ಯಾರ ಹೆಸರಿನಲ್ಲಿದೆ ಅಂತ. ಹೆಚ್ಚಿನ ಅರ್ಜಿಗಳು ಸಿಕ್ಕಿ ಬೀಳುವುದು ಇಲ್ಲಿಯೇ. ಮಸೀದಿ ಕಂಪೌಂಡಿನಲ್ಲಿ ಬಾವಿ ತೋಡಿ ಊರಿಗೆಲ್ಲ ನೀರು ಕೊಡುವ ಆಲೋಚನೆ ಒಳ್ಳೆಯದೇ. ಆದರೆ ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನು ಆರಾಧನಾಲಯದ ಒಳಗೆ ಅಥವಾ ಧಾರ್ಮಿಕ ಸಂಸ್ಥೆಯ ಜಾಗದಲ್ಲಿ ಖರ್ಚು ಮಾಡುವಂತಿಲ್ಲ. ಹಾಗಾದರೆ ಆ ಜಾಗವನ್ನೇ ಪಂಚಾಯತ್‌ಗೆ ಬರೆದು ಕೊಟ್ಟರಾಯಿತಲ್ಲ ಅಂದರೆ ಅದೂ ಆಗುವುದಿಲ್ಲ. ವಕ್ಫ್ ಆಸ್ತಿಯನ್ನು ಮಾರುವುದು, ದಾನ ಕೊಡುವುದು, ವರ್ಗಾಯಿಸುವುದು 2013ರ ತಿದ್ದುಪಡಿಯಿಂದ ಅಸಿಂಧು. ಉಳಿದ ದಾರಿ ಒಂದೇ. ಊರಿನ ಯಾರಾದರೂ ತಮ್ಮ ಸ್ವಂತ ಜಾಗದಲ್ಲಿ ಒಂದೆರಡು ಸೆಂಟ್ಸ್ ಪಂಚಾಯತ್ ಹೆಸರಿಗೆ ರಿಜಿಸ್ಟ್ರಿ ಮಾಡಿ ಕೊಡಬೇಕು. ಬಾಯಿ ಮಾತಿನ ಒಪ್ಪಿಗೆ ನಂಬಿ ಕೆಲಸ ಶುರು ಮಾಡಿದರೆ ಮಕ್ಕಳ ಕಾಲಕ್ಕೆ ಬಾವಿಗೆ ಬೇಲಿ ಬೀಳ್ತದೆ.

ಜಾಗದ ಕಾಗದ ಕೈಯಲ್ಲಿದ್ದರೆ ಮೊದಲು ಹೋಗಬೇಕಾದ್ದು ಪಂಚಾಯತ್‌ಗೆ. 1996ರ ಜನಕೀಯಾಸೂತ್ರಣದ ನಂತರ ಕೇರಳದ ಪಂಚಾಯತ್‌ಗಳಿಗೆ ಸ್ವಂತ ಯೋಜನಾ ನಿಧಿ ಉಂಟು. 15ನೇ ಹಣಕಾಸು ಆಯೋಗವಂತೂ 2021ರಿಂದ 2026ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ. 60ನ್ನು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲಿನಂಥ ಕೆಲಸಗಳಿಗೆ. ಆದರೆ ಬೇಡಿಕೆ ಗ್ರಾಮಸಭೆಯಲ್ಲಿ ಬರಬೇಕು, ಕೊನೆಗೆ ಜಿಲ್ಲಾ ಯೋಜನಾ ಸಮಿತಿ ಒಪ್ಪಬೇಕು. ಏಪ್ರಿಲ್‌ನಲ್ಲಿ ಬಾವಿ ಬತ್ತಿದ ಮೇಲೆ ಅರ್ಜಿ ಹಿಡಿದು ಓಡಿದರೆ ಆ ವರ್ಷದ ಪಟ್ಟಿ ಮುಗಿದಿರ್ತದೆ. ಗ್ರಾಮಸಭೆಗೆ ಮತದಾರರಲ್ಲಿ ಶೇ. 10 ಮಂದಿ ಸೇರಿದರೆ ಕೋರಂ. ನಮ್ಮ ಯುವಕರು ಫುಟ್ಬಾಲ್ ಟೂರ್ನಮೆಂಟಿಗೆ ಸೇರಿಸುವ ಜನದಲ್ಲಿ ಅರ್ಧ ಜನ ಅಲ್ಲಿಗೆ ಬಂದರೂ ಸಾಕಿತ್ತು! ಅರ್ಜಿ ಮಲಯಾಳದಲ್ಲೇ ಇರಬೇಕೆಂದಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ.

ಹಳೆಯ ಮದಕ, ಕೆರೆಗಳ ಹೂಳೆತ್ತುವುದಿದ್ದರೆ ತೊಳಿಲುರಪ್ಪು, ಅಂದರೆ ಉದ್ಯೋಗ ಖಾತರಿಯ ಬಗ್ಗೆ ವಾರ್ಡ್ ಮೆಂಬರರಲ್ಲಿ ವಿಚಾರಿಸಬಹುದು. ಕಟ್ಟ, ಚೆಕ್‌ಡ್ಯಾಮಿನಂಥ ದೊಡ್ಡ ಕೆಲಸಕ್ಕೆ ಪ್ರಭಾಕರನ್ ಆಯೋಗದ ವರದಿಯ ಆಧಾರದಲ್ಲಿ ಬಂದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಉಂಟು. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂ. ಇರ್ತದೆ, ಆದರೆ ಅವರದ್ದು ಶಿಫಾರಸು ಮಾತ್ರ, ಮಂಜೂರು ಮಾಡುವುದು ಜಿಲ್ಲಾಡಳಿತ.

ಕಂಪೆನಿಗಳ ಸಿಎಸ್ಆರ್ ಹಣದ ಹೆಸರು ಎಲ್ಲರ ಬಾಯಲ್ಲೂ ಉಂಟು. 2013ರ ಕಂಪೆನಿ ಕಾಯ್ದೆಯ ಪಟ್ಟಿಯಲ್ಲಿ ಶುದ್ಧ ಕುಡಿಯುವ ನೀರು ಇದೆ, ನಿಜ. ಆದರೆ ಹಣ ಪಡೆಯುವ ಟ್ರಸ್ಟ್ ಅಥವಾ ಸೊಸೈಟಿಗೆ 12ಎ, 80ಜಿ ನೋಂದಣಿ, ಸಿಎಸ್ಆರ್-1 ಫಾರ್ಮ್, ಅಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. ನಿನ್ನೆ ಮೊನ್ನೆ ಹುಟ್ಟಿದ ಕ್ಲಬ್ಬಿಗೆ ಇದು ಸಿಗುವ ಹಣವಲ್ಲ.

ಗಲ್ಫ್‌ನ ಹಣದ ವಿಷಯದಲ್ಲಿ ಬಹಳ ಜಾಗ್ರತೆ ಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಅದೇ ದುಡ್ಡನ್ನು ಅಲ್ಲಿ ಒಟ್ಟುಮಾಡಿ, ಅಲ್ಲಿ ನೋಂದಣಿಯಾದ ಸಂಘಟನೆಯ ಖಾತೆಯಿಂದ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗ್ತದೆ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೂ ಹಾಗೆಯೇ. ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಗಡ ಅನುಮತಿ ಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಇವು ಇಲ್ಲದೆ ತೆಗೆದುಕೊಂಡರೆ ಪುಣ್ಯದ ಕೆಲಸ ಕೇಸಾಗಿ ಬರ್ತದೆ. ಹಾಗಾಗಿ ದಾನಿಗಳು ಒಬ್ಬೊಬ್ಬರೇ, ಹೆಸರು ಸಮೇತ ಕಳಿಸುವುದೇ ಕ್ಷೇಮ.

ಝಕಾತ್ ಹಣದ ಪ್ರಶ್ನೆಯೂ ಬರ್ತದೆ. ಶಾಫಿಈ ಮದ್‌ಹಬ್ ಪ್ರಕಾರ ಅದು ಎಂಟು ವರ್ಗದ ಹಕ್ಕುದಾರರ ಕೈಗೇ ಸೇರಬೇಕು, ಸಾರ್ವಜನಿಕ ಬಾವಿಗೆ ಹಾಕುವಂತಿಲ್ಲ. ಬಾವಿಗೆ ಸದಖ ಕೊಡಬಹುದು. ಎರಡರ ರಶೀದಿ ಪುಸ್ತಕ ಬೇರೆ ಬೇರೆ ಇಟ್ಟರೆ ಲೆಕ್ಕ ಒಪ್ಪಿಸುವಾಗ ಜಗಳ ಇಲ್ಲ.

ಇನ್ನೊಂದು ಖರ್ಚು ಹೆಚ್ಚಿನ ಅಂದಾಜುಪಟ್ಟಿಗಳಲ್ಲಿ ಕಾಣುವುದೇ ಇಲ್ಲ. ಅನುದಾನ ಬಾವಿ, ಪಂಪ್, ಟ್ಯಾಂಕಿಗೆ ಸಿಗಬಹುದು. ತಿಂಗಳ ಕರೆಂಟ್ ಬಿಲ್ಲಿಗೆ, ಸುಟ್ಟ ಮೋಟಾರಿನ ವೈಂಡಿಂಗಿಗೆ ಯಾರೂ ಕೊಡುವುದಿಲ್ಲ. ಅರ್ಜಿ ಹಾಕುವ ದಿನವೇ ಫಲಾನುಭವಿ ಮನೆಗಳ ಸಭೆ ಕರೆದು, ಮನೆಗೆ ತಿಂಗಳಿಗೆ ಎಷ್ಟು, ವಸೂಲಿ ಯಾರು, ಕೀ ಯಾರ ಕೈಯಲ್ಲಿ ಅಂತ ಬರೆದು ಸಹಿ ಹಾಕಿಸಿಕೊಳ್ಳಬೇಕು. ನೀರು ಬಂದ ಮೇಲೆ ಆ ಸಭೆಗೆ ಯಾರೂ ಬರುವುದಿಲ್ಲ.