ಪರ್ಲ್ ಪಾಸ್ ದಾಟಿದ ಸೈಕಲ್ಲುಗಳು

ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದವರಿಗೆಲ್ಲ ಗೊತ್ತು, ಹತ್ತುವಾಗ ಬರುವುದು ಏದುಸಿರು ಮಾತ್ರ, ಮಂಡಿ ಮಾತಾಡಲು ತೊಡಗುವುದು ಇಳಿಯುವಾಗ. ಮರುದಿನ ಹಾಸಿಗೆಯಿಂದ ಏಳುವಾಗ ನೆನಪಾಗುವುದೂ ಇಳಿದದ್ದೇ. ಆದರೂ ‘ಇಳಿಯೋದೇನು ಮಹಾ’ ಎನ್ನುವ ಮಾತು ನಮ್ಮ ಬಾಯಿಂದ ಹೋಗಿಲ್ಲ. ನಮ್ಮ ಬೀದಿಯ ಹುಡುಗಿಯೊಬ್ಬಳು ಲಡಾಖಿಗೆ ಸೈಕಲ್ ಪ್ರವಾಸ ಹೊರಟಾಗ ಅವಳ ತಾಯಿ ನನ್ನ ಹತ್ತಿರ ಬಂದು ಗೋಳಾಡಿದ್ದೂ ಇದನ್ನೇ. “ಅಲ್ಲ ಕಣ್ರೀ, ಹತ್ತೋದಕ್ಕೆ ಜೀಪಂತೆ, ಇಳಿಯೋದಕ್ಕೆ ಸೈಕಲ್ಲಂತೆ. ಇಳಿಜಾರಲ್ಲಿ ಸೈಕಲ್ಲು ತಾನಾಗೇ ಹೋಗುತ್ತೆ. ಅದಕ್ಕೆ ಇಷ್ಟು ದುಡ್ಡು ಬೇರೆ, ಗೈಡ್ ಬೇರೆ ಕೇಡು!”

ಆಕೆಯ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ಇಂಥ ಪ್ರವಾಸಗಳ ಕ್ರಮವೇ ಹಾಗೆ. ಲೇಹ್ ಊರಿನಲ್ಲಿ ಎರಡು ದಿನ ಸುಮ್ಮನೆ ಕೂರಿಸುತ್ತಾರೆ, ತೆಳುವಾದ ಗಾಳಿಗೆ ಮೈ ಒಗ್ಗಬೇಕಲ್ಲ. ಆಮೇಲೆ ಸೈಕಲ್ಲುಗಳನ್ನು ಗಾಡಿಯ ಮೇಲೆ ಕಟ್ಟಿ ಖಾರ್ದುಂಗ್ ಲಾದ ನೆತ್ತಿಗೆ ಒಯ್ಯುತ್ತಾರೆ. ಅಲ್ಲಿ ಬಹುಕಾಲ 18,380 ಅಡಿ ಎಂದು ಫಲಕ ಹಾಕಿದ್ದರು. ಸರಿಯಾಗಿ ಅಳೆದಾಗ ಸಿಕ್ಕಿದ್ದು 5,359 ಮೀಟರ್, ಅಂದರೆ ಎಂಟುನೂರು ಅಡಿಯಷ್ಟು ಕಡಿಮೆ. ಮದುವೆಯ ಜಾತಕದ ಜೊತೆ ಬರುವ ಹುಡುಗನ ಎತ್ತರದ ಹಾಗೆ ಎನ್ನಿ. ಅಲ್ಲಿಂದ ಸುಮಾರು 40 ಕಿಲೋಮೀಟರ್ ಇಳುಕಲು. ಮುಂದೆ ಗೈಡ್, ಕೊನೆಯಲ್ಲಿ ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವ ಇನ್ನೊಬ್ಬ, ಅವನ ಹಿಂದೆ ಗಾಡಿ. ದಿನಗಟ್ಟಲೆ ಹೀಗೇ, ಒಂದು ಕಣಿವೆಯಿಂದ ಮತ್ತೊಂದಕ್ಕೆ. ಇಳಿಯುವುದಕ್ಕೆ ಇಷ್ಟೊಂದು ಜನ ಏಕೆ ಬೇಕಾದರು ಎಂದು ನನಗೂ ಕುತೂಹಲವಾಯಿತು. ಹುಡುಕುತ್ತ ಹೋದರೆ ಕಥೆ ಅರ್ಧ ಶತಮಾನದಷ್ಟು ಹಿಂದಕ್ಕೆ, ಅಮೆರಿಕೆಗೆ ಹೋಯಿತು.

ಸ್ಯಾನ್‌ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಮರಿನ್ ಎಂಬ ಜಿಲ್ಲೆ ಸಿಗುತ್ತದೆ. ಅಲ್ಲಿ ಫೇರ್‌ಫ್ಯಾಕ್ಸ್ ಎಂಬ ಚಿಕ್ಕ ಊರು. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು ಗುಜರಿ ಸೇರಿದ್ದ ಹಳೆಯ ಸೈಕಲ್ಲುಗಳನ್ನು ಹುಡುಕಿ ತರತೊಡಗಿದರು. ಎರಡನೇ ಮಹಾಯುದ್ಧಕ್ಕೂ ಮೊದಲು ತಯಾರಾದ, ದಪ್ಪ ಟೈರಿನ ಗಟ್ಟಿ ಸೈಕಲ್ಲುಗಳು ಅವು. ಒಂದು ಕಾಲಕ್ಕೆ ಪೇಪರ್ ಹಾಕುವ ಹುಡುಗರು ತುಳಿಯುತ್ತಿದ್ದವು. ಶ್ವಿನ್ ಕಂಪನಿಯ ಎಕ್ಸೆಲ್ಸಿಯರ್ ಅವರಿಗೆ ಬಲು ಅಚ್ಚುಮೆಚ್ಚು. ಇವಕ್ಕೆ ಅವರಿಟ್ಟ ಹೆಸರು ಕ್ಲಂಕರ್. ನಾವು ಡಕೋಟಾ ಎನ್ನುತ್ತೇವಲ್ಲ, ಅದೇ. ಒಂದೊಂದು ಇಪ್ಪತ್ತು ಕೆ.ಜಿ.ಗೂ ಹೆಚ್ಚು ತೂಗುತ್ತಿತ್ತು. ಅದನ್ನು ಬೆಟ್ಟಕ್ಕೆ ತಳ್ಳಿಕೊಂಡೋ ಯಾರದಾದರೂ ಗಾಡಿಯಲ್ಲಿ ಹಾಕಿಕೊಂಡೋ ಹೋಗಿ, ಕಾಡಿನ ಬೆಂಕಿ ಆರಿಸುವ ಗಾಡಿಗಳಿಗಾಗಿ ಕಡಿದ ಮಣ್ಣು ರಸ್ತೆಯಲ್ಲಿ ಇಳಿಯುವುದು ಅವರ ಆಟ.

ಆ ಸೈಕಲ್ಲುಗಳಲ್ಲಿ ನಮ್ಮ ಸೈಕಲ್ಲಿನ ಹಾಗೆ ಹ್ಯಾಂಡಲ್ಲಿಗೆ ಬ್ರೇಕ್ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಹಬ್ ಒಳಗೇ ಬ್ರೇಕ್ ಹಿಡಿಯುವ ಏರ್ಪಾಡು. ಊರಿನ ಸಪಾಟು ರಸ್ತೆಗೆ ಅದು ಸಾಕು. ಆದರೆ 3.4 ಕಿಲೋಮೀಟರ್ ದೂರದಲ್ಲಿ ಸುಮಾರು 400 ಮೀಟರ್ ಇಳಿಯುವ ರಸ್ತೆಯಲ್ಲಿ ಉದ್ದಕ್ಕೂ ಬ್ರೇಕ್ ತುಳಿದೇ ಇದ್ದರೆ ಹಬ್ ಕೆಂಡವಾಗುತ್ತಿತ್ತು. ಒಳಗಿನ ಗ್ರೀಸ್ ಬಾಣಲೆಯ ಎಣ್ಣೆಯಂತೆ ಕಾದು, ಹೊಗೆಯಾಗಿ ಹೋಗಿಬಿಡುತ್ತಿತ್ತು. ಪ್ರತಿಸಲ ಕೆಳಗೆ ಬಂದ ಮೇಲೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಇಂಗ್ಲಿಷಿನಲ್ಲಿ ಹೀಗೆ ಮತ್ತೆ ತುಂಬುವುದಕ್ಕೆ ರೀಪ್ಯಾಕ್ ಎನ್ನುತ್ತಾರೆ. ಆ ಇಳುಕಲಿಗೆ ರೀಪ್ಯಾಕ್ ಎಂದೇ ಹೆಸರು ನಿಂತಿತು. ಮೌಂಟನ್ ಬೈಕಿನ ತವರು ಎಂದು ಜಗತ್ತೆಲ್ಲ ಒಪ್ಪಿರುವ ಜಾಗದ ಹೆಸರು ಹುಟ್ಟಿದ್ದು ವೇಗದಿಂದಲ್ಲ, ಸುಟ್ಟ ಬ್ರೇಕಿನಿಂದ ಎನ್ನುವುದು ನನಗೆ ಬಹಳ ಹಿಡಿಸಿತು.

1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ಏರ್ಪಡಿಸಿದವನು ಚಾರ್ಲಿ ಕೆಲ್ಲಿ. ಅಲನ್ ಬಾಂಡ್ಸ್ ಎಂಬವನು ಗೆದ್ದ. ಮುಂದಿನ ವರ್ಷಗಳಲ್ಲಿ ಗ್ಯಾರಿ ಫಿಶರ್ ಅದೇ ಇಳುಕಲನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದ. ಸರಾಸರಿ ಹಾಕಿದರೆ ಗಂಟೆಗೆ 46 ಕಿಲೋಮೀಟರ್, ಅದೂ ಜಲ್ಲಿ ಮತ್ತು ತಿರುವುಗಳ ಮೇಲೆ. ಜೋ ಬ್ರೀಜ್‌ಗೆ ಎರಡೇ ಸೆಕೆಂಡು ಹೆಚ್ಚು ಬೇಕಾಯಿತು. ಇದೇ ಬ್ರೀಜ್ ಹಳೆಯ ಡಕೋಟಾಗಳನ್ನು ನಂಬಿ ಪ್ರಯೋಜನವಿಲ್ಲ ಎಂದು 1977ರಲ್ಲಿ ಬೆಟ್ಟಕ್ಕೆಂದೇ ಹೊಸದಾಗಿ ಸೈಕಲ್ ಕಟ್ಟಿದವನು.

ಇವರೆಲ್ಲರ ಆ ದಿನಗಳು ನಮಗೆ ಕಣ್ಣಿಗೆ ಕಟ್ಟುವಂತೆ ಸಿಗುವುದು ಫೋಟೋಗಳಲ್ಲಿ. ಧೂಳೆಬ್ಬಿಸುತ್ತ ತಿರುವಿನಲ್ಲಿ ವಾಲಿದ ಸೈಕಲ್ಲು, ಜೀನ್ಸ್ ಮತ್ತು ಚರ್ಮದ ಗ್ಲೌಸು ಹಾಕಿದ ಉದ್ದ ಕೂದಲಿನ ಹುಡುಗರು. ಆ ಫೋಟೋಗಳಲ್ಲಿ ಬಹುಪಾಲು ತೆಗೆದವಳು ವೆಂಡಿ ಕ್ರ್ಯಾಗ್. ಫೇರ್‌ಫ್ಯಾಕ್ಸ್‌ನವಳೇ. ಈಕೆ ರಸ್ತೆಬದಿ ನಿಂತು ನೋಡುತ್ತಿದ್ದವಳಲ್ಲ, ಮೊದಮೊದಲು ಆ ಗುಂಪಿನಲ್ಲಿ ಸೈಕಲ್ ತುಳಿಯುತ್ತಿದ್ದ ಹೆಚ್ಚುಕಡಿಮೆ ಒಬ್ಬಳೇ ಹೆಂಗಸು. ಅದೇ ಇಪ್ಪತ್ತು ಕೆ.ಜಿ.ಯ ಗಾಡಿ, ಅದೇ ಸುಡುವ ಬ್ರೇಕು. ರೀಪ್ಯಾಕ್ ಸ್ಪರ್ಧೆಯಲ್ಲೂ ಇಳಿದಿದ್ದಾಳೆ. ಆದರೆ ಕ್ಯಾಮರಾ ಹಿಡಿದವಳು ಚಿತ್ರದಲ್ಲಿ ಎಲ್ಲಿಂದ ಬರಬೇಕು? ನಮ್ಮ ಮದುವೆ ಆಲ್ಬಂಗಳನ್ನು ತಿರುವಿ ನೋಡಿ, ಐನೂರು ಜನಕ್ಕೆ ಅಡುಗೆಯ ಉಸ್ತುವಾರಿ ಹೊತ್ತ ಚಿಕ್ಕಮ್ಮ ಒಂದು ಫೋಟೋದಲ್ಲೂ ಸಿಗುವುದಿಲ್ಲ. ಹಾಗಾಗಿ ಮೌಂಟನ್ ಬೈಕಿನ ಚರಿತ್ರೆ ಎಂದು ಬರೆದ ಕಡೆಗಳಲ್ಲಿ ಬಹುಕಾಲ ಗಂಡಸರ ನಾಲ್ಕೈದು ಹೆಸರುಗಳೇ ಬರುತ್ತಿದ್ದವು, ಪಕ್ಕದಲ್ಲಿ ಈಕೆ ತೆಗೆದ ಚಿತ್ರ ಇರುತ್ತಿತ್ತು!

ಇನ್ನು ಹಲವು ದಿನದ ಬೆಟ್ಟದ ಪ್ರವಾಸದ ಮಾತು. ಅದು ಹುಟ್ಟಿದ್ದು ಒಂದು ಜಂಬದ ಜಗಳದಿಂದ. ಕೊಲೊರಾಡೋದ ರಾಕಿ ಪರ್ವತಗಳಲ್ಲಿ ಕ್ರೆಸ್ಟೆಡ್ ಬ್ಯೂಟ್ ಎಂಬ ಹಳೆಯ ಗಣಿಯ ಊರಿದೆ. ಬೆಟ್ಟದ ಆಚೆಗೆ ಹಣವಂತರ ಆಸ್ಪೆನ್. ನಡುವೆ ಪರ್ಲ್ ಪಾಸ್, 12,705 ಅಡಿ. ಮುತ್ತು ಎಂಬ ಹೆಸರು ಇರುವುದಷ್ಟೇ, ದಾರಿಯೆಲ್ಲ ಚೂಪುಗಲ್ಲು ಮತ್ತು ತೊರೆ. ಆಸ್ಪೆನ್ನಿನ ಕೆಲವರು ಮೋಟಾರ್‌ಸೈಕಲ್ಲಿನಲ್ಲಿ ಆ ದಾರಿ ದಾಟಿ ಬಂದು ಕ್ರೆಸ್ಟೆಡ್ ಬ್ಯೂಟಿನ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಬೀಗಿದರಂತೆ. ಊರಿನ ಹುಡುಗರಿಗೆ ತಡೆಯಲಾಗಲಿಲ್ಲ. ನೀವು ಎಂಜಿನ್ನಿನಲ್ಲಿ ಬಂದಿರಿ, ನಾವು ನಮ್ಮ ಡಕೋಟಾ ಸೈಕಲ್ಲಿನಲ್ಲೇ ನಿಮ್ಮೂರಿಗೆ ಬರುತ್ತೇವೆ ಎಂದು 1976ರ ಸೆಪ್ಟೆಂಬರಿನಲ್ಲಿ ಹೊರಟೇಬಿಟ್ಟರು. ಸುಮಾರು 60 ಕಿಲೋಮೀಟರ್, ಎರಡು ದಿನ, ನಡುವೆ ಬೆಟ್ಟದ ಬಯಲಲ್ಲಿ ಒಂದು ರಾತ್ರಿ. ಹಾಸಿಗೆ, ಊಟ, ಬಿಯರು ಹೊತ್ತ ಗಾಡಿ ಜೊತೆಗೆ. ಜಂಬದ ಪ್ರವಾಸವಾದರೂ ಸಾಮಾನಿನ ಗಾಡಿ ಮೊದಲ ದಿನದಿಂದಲೇ ಇತ್ತು ಎಂಬುದನ್ನು ಗಮನಿಸಬೇಕು.

ಮಾರನೇ ವರ್ಷ ಯಾರೂ ಹೋಗಲಿಲ್ಲ. ಒಂದು ಸಲ ತೋರಿಸಿಯಾಯಿತಲ್ಲ, ಸಾಕು ಎನಿಸಿರಬೇಕು. ಅಷ್ಟರಲ್ಲಿ ಸುದ್ದಿ ಕ್ಯಾಲಿಫೋರ್ನಿಯಾಕ್ಕೆ ಮುಟ್ಟಿತ್ತು. 1978ರಲ್ಲಿ ಚಾರ್ಲಿ ಕೆಲ್ಲಿ, ಜೋ ಬ್ರೀಜ್, ಗ್ಯಾರಿ ಫಿಶರ್, ಮೈಕ್ ಕ್ಯಾಸ್ಟೆಲಿ, ವೆಂಡಿ ಕ್ರ್ಯಾಗ್ ಈ ಐವರು ಅಲ್ಲಿಗೆ ಬಂದಿಳಿದರು. ಹೊರಗಿನವರು ಅಷ್ಟು ದೂರದಿಂದ ಬಂದ ಮೇಲೆ ಊರಿನವರು ಸುಮ್ಮನಿರುವುದು ಹೇಗೆ? ಎರಡನೆಯ ಯಾತ್ರೆ ಹೊರಟಿತು. ಹತ್ತುವ ದಾರಿಯ ಬಹುಭಾಗ ಸೈಕಲ್ ತಳ್ಳಿದ್ದೇ. ಎರಡನೆಯ ದಿನ ನೆತ್ತಿ ದಾಟಿದರು, ಅಲ್ಲಿಂದ ಕಲ್ಲು, ತೊರೆಗಳ ಮೇಲೆ ಆಸ್ಪೆನ್ನಿನವರೆಗೆ ಇಳುಕಲು. ಸೈಕಲ್ ಮೇಲೆ ಪರ್ಲ್ ಪಾಸ್ ದಾಟಿದ ಮೊದಲ ಹೆಂಗಸು ವೆಂಡಿ. ಆ ಯಾತ್ರೆಯ ಚಿತ್ರಗಳನ್ನು ತೆಗೆದವಳೂ ಅವಳೇ. ಎರಡು ಕಡೆಯ ಈ ಭೇಟಿಯಿಂದಲೇ ಒಂದು ಊರಿನ ಹುಚ್ಚು ದೇಶದ ಆಟವಾಯಿತು. ಬೆಟ್ಟದ ಮೇಲೆ ಗುಂಪಾಗಿ, ಗಾಡಿಯ ನೆರವಿನಿಂದ, ರಾತ್ರಿ ತಂಗಿ ಹೋಗುವ ಪ್ರವಾಸಕ್ಕೂ ಅಲ್ಲೊಂದು ಮಾದರಿ ಸಿಕ್ಕಿತು.

ಸೈಕಲ್ಲಿನ ಹೆಂಗಸು ಪರ್ವತದ ಬುಡಕ್ಕೆ ಬಂದಿದ್ದು ಅದೇ ಮೊದಲೇನಲ್ಲ. ಫ್ಯಾನಿ ಬುಲಕ್ ವರ್ಕ್‌ಮನ್ ಎಂಬ ಅಮೆರಿಕದ ಶ್ರೀಮಂತೆ 1897ರ ಕೊನೆಯಲ್ಲಿ ಗಂಡನ ಜೊತೆ ಸೈಕಲ್ ಹಿಡಿದು ನಮ್ಮ ದೇಶಕ್ಕೇ ಬಂದಿದ್ದಳು. ಇಬ್ಬರೂ ಸೇರಿ ಬರೆದ ಪುಸ್ತಕದ ಲೆಕ್ಕದಂತೆ 14,000 ಮೈಲಿ ಸುತ್ತಿದರು. 1898ರ ಬೇಸಿಗೆಗೆ ಹೆದರಿ ಕಾಶ್ಮೀರಕ್ಕೆ ಹೋದವರು ಸೈಕಲ್ ಬಿಟ್ಟು ಲಡಾಖಿನ ಕಡೆಗೆ ನಡೆದೇ ಹೋದರು. ಬೆಟ್ಟದ ಹುಚ್ಚು ಹತ್ತಿತು. 1912ರಲ್ಲಿ ಸಿಯಾಚಿನ್ ಹಿಮನದಿಯ ಮೇಲೆ ‘ಹೆಂಗಸರಿಗೆ ಮತ’ ಎಂದು ದೊಡ್ಡ ಅಕ್ಷರದಲ್ಲಿದ್ದ ಪತ್ರಿಕೆ ಹಿಡಿದು ಫೋಟೋ ತೆಗೆಸಿಕೊಂಡವಳು ಈಕೆ. ಆ ಚಿತ್ರ ನೋಡಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಅವಳ ಡೇರೆ, ಪೆಟ್ಟಿಗೆ ಹೊತ್ತವರು ಬಾಲ್ಟಿಸ್ತಾನದ ಕೂಲಿಗಳು. ಅವರ ಬಗ್ಗೆ ಅವಳು ಬರೆದದ್ದರಲ್ಲಿ ಗೊಣಗಾಟವೇ ಹೆಚ್ಚು. ಇದನ್ನು ಬಿಟ್ಟು ಬರೀ ಆ ಫೋಟೋವನ್ನು ಹೊಗಳುವುದು ನನ್ನಿಂದಾಗದು.

ನನಗೆ ಹೆಚ್ಚು ಹತ್ತಿರವೆನಿಸುವವಳು ಐರ್‌ಲೆಂಡಿನ ಡರ್ವ್ಲಾ ಮರ್ಫಿ. ಹತ್ತನೆಯ ಹುಟ್ಟುಹಬ್ಬಕ್ಕೆ ಸೈಕಲ್ಲೂ ಅಟ್ಲಾಸೂ ಉಡುಗೊರೆ ಬಂದಾಗ, ಹೀಗೇ ತುಳಿಯುತ್ತ ಹೋದರೆ ಇಂಡಿಯಾ ಮುಟ್ಟಬಹುದು ಎಂದುಕೊಂಡವಳು. ಮುಟ್ಟಿದ್ದು ಮೂವತ್ತೊಂದನೆಯ ವಯಸ್ಸಿಗೆ. ಹಾಸಿಗೆ ಹಿಡಿದ ತಾಯಿಯ ಆರೈಕೆಗೆಂದು ಹದಿನಾಲ್ಕಕ್ಕೇ ಶಾಲೆ ಬಿಟ್ಟಿದ್ದಳು. ತಾಯಿ ತೀರಿಕೊಂಡ ಮೇಲೆ, 1963ರ ಜನವರಿಯ ಹಿಮದಲ್ಲಿ, ಒಬ್ಬಳೇ ಹೊರಟಳು. 4,173 ಮೀಟರ್ ಎತ್ತರದ ಬಾಬುಸರ್ ಕಣಿವೆಯಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಸೈಕಲ್ಲನ್ನು ಎಳೆದು, ಎತ್ತಿ ದಾಟಿಸಿದಳು. ಗೈಡೂ ಇಲ್ಲ, ಗಾಡಿಯೂ ಇಲ್ಲ. ಹತ್ತು ವರ್ಷದ ನಂತರ ಐದು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಕೊಡಗಿಗೆ ಬಂದು ಎರಡು ತಿಂಗಳು ಇದ್ದಳು, ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದಳು. 2022ರಲ್ಲಿ ತೀರಿಕೊಂಡಳು.

ಆ ಕಾಲಕ್ಕೆ ನಾನು ಗಂಟೆಗೆ ನಾಲ್ಕಾಣೆಯ ಬಾಡಿಗೆ ಸೈಕಲ್ಲಿನಲ್ಲಿ, ಲಂಗವನ್ನು ಮುದ್ದೆಮಾಡಿ ಸಿಕ್ಕಿಸಿಕೊಂಡು, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದೆ. ಕೆರೆ ಏರಿಯಿಂದ ಇಳಿಯುವಾಗ ಬ್ರೇಕ್ ಕೈಗೆಟುಕುತ್ತಿರಲಿಲ್ಲ, ಚಪ್ಪಲಿಯೇ ಬ್ರೇಕು. ದೊಡ್ಡವಳಾದ ಮೇಲೆ ಸೈಕಲ್ ನಿಂತಿತು. ಯಾರೂ ಬೈದು ನಿಲ್ಲಿಸಲಿಲ್ಲ, ನಾಲ್ಕಾಣೆ ಕೇಳಿದರೆ ಕೊಡುತ್ತಿದ್ದವರು ಕೊಡಲಿಲ್ಲ, ಅಷ್ಟೆ.

ಮರಿನ್‌ಗೆ ಮರಳೋಣ. ಈ ಆಟಕ್ಕೆ ಮೊದಲ ಪತ್ರಿಕೆ ಬಂದದ್ದು 1980ರಲ್ಲಿ, ‘ಫ್ಯಾಟ್ ಟೈರ್ ಫ್ಲೈಯರ್’. ಚಾರ್ಲಿ ಕೆಲ್ಲಿಯ ಜೊತೆ ಅದನ್ನು ನಡೆಸಿದವಳು ಡೆನಿಸ್ ಕ್ಯಾರಮ್ಯಾಗ್ನೊ; ‘ಫ್ಯಾಟ್ ಟೈರ್’ ಎಂಬ ಮಾತೂ ಅವಳದೇ. ಜಾಕಿ ಫೆಲನ್ 1983ರಿಂದ ಸತತ ಮೂರು ವರ್ಷ ಅಮೆರಿಕದ ಚಾಂಪಿಯನ್ ಆದಳು. 1987ರಲ್ಲಿ ಅವಳು ಕಟ್ಟಿದ ಸಂಘದ ಹೆಸರು ‘ವಿಮೆನ್ಸ್ ಮೌಂಟನ್ ಬೈಕ್ ಅಂಡ್ ಟೀ ಸೊಸೈಟಿ’. ಹೌದು, ಟೀ. ಗಂಡಸರ ಬಿಯರಿಗೆ ಎದುರಾಗಿ ಚಹಾ ಇಟ್ಟ ಅವಳ ತುಂಟತನ ನನಗೆ ಇಷ್ಟವಾಯಿತು. ಬೆಟ್ಟಕ್ಕೆ ಹೆದರುವ ಹೆಂಗಸರನ್ನು ಒಟ್ಟುಗೂಡಿಸಿ ಇಳಿಯುವುದನ್ನು ಕಲಿಸುವುದು ಆ ಸಂಘದ ಕೆಲಸವಾಗಿತ್ತು. 1990ರಲ್ಲಿ ಕೊಲೊರಾಡೋದ ಡುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಹೆಂಗಸರ ಇಳುಕಲು ಸ್ಪರ್ಧೆಯನ್ನು ಕೆನಡಾದ ಸಿಂಡಿ ಡಿವೈನ್ ಗೆದ್ದಳು.

ಕಲಿಸುವುದು ಏನಿದೆ ಎಂದು ನಮ್ಮ ಬೀದಿಯ ತಾಯಿ ಕೇಳಿಯಾರು. ಬೇಕಾದಷ್ಟಿದೆ. ಇಳುಕಲಿನಲ್ಲಿ ಸೀಟಿನ ಮೇಲೆ ಕೂರುವಂತಿಲ್ಲ. ಎರಡೂ ಪೆಡಲ್ ಸಮವಾಗಿಟ್ಟು ಅವುಗಳ ಮೇಲೆ ನಿಲ್ಲಬೇಕು, ಕಡಿದಾದಲ್ಲಿ ಮೈಯನ್ನು ಹಿಂದಕ್ಕೆ ಸರಿಸಬೇಕು. ಬ್ರೇಕಿನ ಶಕ್ತಿ ಬಹುಪಾಲು ಮುಂದಿನ ಚಕ್ರದಲ್ಲಿ. ಅದನ್ನು ಗಾಬರಿಯಲ್ಲಿ ಒಮ್ಮೆಗೇ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರುವುದೇ. ಆದ್ದರಿಂದ ಎರಡೂ ಕಡೆ ಒಂದೊಂದೇ ಬೆರಳಿನಿಂದ, ಹಿಡಿದು ಬಿಟ್ಟು, ಹಿಡಿದು ಬಿಟ್ಟು. ತಿರುವಿಗೆ ಮೊದಲೇ ನಿಧಾನ, ತಿರುವಿನ ನಡುವೆ ಅಲ್ಲ. ಕಣ್ಣು ಕಲ್ಲಿನ ಮೇಲೆ ನೆಟ್ಟರೆ ಸೈಕಲ್ ಕಲ್ಲಿಗೇ ಹೋಗುತ್ತದೆ, ಹೋಗಬೇಕಾದ ಕಡೆ ನೋಡಬೇಕು. ಎಡೆಬಿಡದೆ ಬ್ರೇಕ್ ಹಿಡಿದೇ ಇದ್ದರೆ ಇವತ್ತಿನ ಡಿಸ್ಕ್ ಬ್ರೇಕೂ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಗಂಟೆಗಟ್ಟಲೆ ಇಳಿದಾಗ ಮುಷ್ಟಿ ಮಡಚದ ಹಾಗೆ ಬೆರಳು ಮರಗಟ್ಟುತ್ತವೆ. ಅಲ್ಲಲ್ಲಿ ಎಲ್ಲರನ್ನೂ ನಿಲ್ಲಿಸಿ ಬ್ರೇಕೂ ಕೈಯೂ ತಣಿಯಲು ಬಿಡುವುದೇ ಗೈಡಿನ ಮುಖ್ಯ ಕೆಲಸ.

ಈ ಪ್ರವಾಸ ದೊಡ್ಡ ವ್ಯಾಪಾರವಾದದ್ದು 1990ರ ದಶಕದ ಕೊನೆಯಿಂದ ಈಚೆಗೆ. ಬೊಲಿವಿಯಾದಲ್ಲಿ ಲಾ ಪಾಜ್ ಮೇಲಿನ 4,650 ಮೀಟರ್ ಎತ್ತರದಿಂದ ಯುಂಗಾಸ್‌ನ ಬಿಸಿ ಕಾಡಿಗೆ, 1,200 ಮೀಟರಿನ ಸುಮಾರಿಗೆ, ಒಂದೇ ದಿನದಲ್ಲಿ ಇಳಿಸುತ್ತಾರೆ. ‘ಸಾವಿನ ರಸ್ತೆ’ ಎಂದೇ ಅದರ ಪ್ರಚಾರ. ಲಾರಿಗಳು ಪ್ರಪಾತಕ್ಕೆ ಉರುಳಿ ಜನ ಸತ್ತದ್ದರಿಂದ ಬಂದ ಹೆಸರು, 2006ರಲ್ಲಿ ಬದಲಿ ರಸ್ತೆ ತೆರೆದ ಮೇಲೆ ಪ್ರವಾಸಿಗಳ ಅಂಗಿಯ ಮೇಲೆ ಅಚ್ಚಾಗಿ ಮಾರಾಟವಾಗುತ್ತಿದೆ. ಆ ರಸ್ತೆಯನ್ನು ಕಡಿದವರು 1930ರ ದಶಕದ ಚಾಕೋ ಯುದ್ಧದಲ್ಲಿ ಸೆರೆಸಿಕ್ಕ ಪರಾಗ್ವೆಯ ಸೈನಿಕರು. ಅಂಗಿಯ ಮೇಲೆ ಅವರ ಸುದ್ದಿ ಇಲ್ಲ.

ಫೇರ್‌ಫ್ಯಾಕ್ಸ್‌ನಲ್ಲಿ 2015ರಲ್ಲಿ ಸೈಕಲ್ಲುಗಳ ಮ್ಯೂಸಿಯಂ ಒಂದು ತೆರೆಯಿತು. ಮೌಂಟನ್ ಬೈಕಿನ ಗೌರವ ಪಟ್ಟಿ ಈಗ ಅಲ್ಲಿದೆ, ಅದರಲ್ಲಿ ವೆಂಡಿ ಕ್ರ್ಯಾಗ್ ಹೆಸರೂ ಸೇರಿದೆ. ರೀಪ್ಯಾಕ್ ಇಳುಕಲು ಊರಿಗೆ ಹತ್ತಿರವೇ, ಇನ್ನೂ ಮಣ್ಣಿನ ರಸ್ತೆ. ಆ ಬೆಟ್ಟಗಳಲ್ಲಿ ಸೈಕಲ್ಲಿಗೆ ಗಂಟೆಗೆ 15 ಮೈಲಿಯ ಮಿತಿ ಹಾಕಿದ್ದಾರೆ. ಗ್ಯಾರಿ ಫಿಶರನ ದಾಖಲೆಯ ವೇಗದಲ್ಲಿ ಅದು ಸುಮಾರು ಅರ್ಧ.