ಸರಕಾರದ ವಕೀಲ ಯಾರ ವಕೀಲ?

ನ್ಯಾಯಾಧೀಶರ ಸ್ವಾತಂತ್ರ್ಯದ ಬಗ್ಗೆ ನಮ್ಮ ದೇಶದಲ್ಲಿ ಸಾಕಷ್ಟು ಚರ್ಚೆಯಾಗಿದೆ. ಆದರೆ ಅದೇ ನ್ಯಾಯಾಲಯದಲ್ಲಿ ಸರಕಾರದ ಪರವಾಗಿ ಎದ್ದು ನಿಲ್ಲುವ ವಕೀಲರ ಸ್ವಾತಂತ್ರ್ಯದ ಬಗ್ಗೆ ಮಾತನಾಡುವವರು ಕಡಿಮೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರೊಬ್ಬರನ್ನು ತೆಗೆದುಹಾಕಲು ಸಂಸತ್ತಿನ ಎರಡೂ ಸದನಗಳ ವಿಶೇಷ ಬಹುಮತ ಬೇಕು. ದೇಶದ ಅತ್ಯುನ್ನತ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್‌ಗೆ ಇಂತಹ ರಕ್ಷಣೆಯಿಲ್ಲ. ಸಂವಿಧಾನದ 76ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಮಾತ್ರ ಅವರು ಆ ಹುದ್ದೆಯಲ್ಲಿರುತ್ತಾರೆ. ರಾಷ್ಟ್ರಪತಿಗಳ ಇಚ್ಛೆ ಎಂದರೆ ವಾಸ್ತವದಲ್ಲಿ ಆಳುವವರ ಇಚ್ಛೆ. ಹೀಗಿರುವಾಗ ಆಳುವವರಿಗೆ ‘ಇದು ಸರಿಯಲ್ಲ’ ಎಂದು ಹೇಳುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು?

ಗಣರಾಜ್ಯದ ಆರಂಭದ ದಿನಗಳಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತ್ತು. 1957ರಲ್ಲಿ ಜೀವ ವಿಮಾ ನಿಗಮವು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪೆನಿಗಳ ಶೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಹಾಕಿತು. ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ ಇದನ್ನು ಲೋಕಸಭೆಯಲ್ಲಿ ಬಯಲಿಗೆಳೆದರು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಎಂ.ಸಿ. ಛಾಗ್ಲಾರ ಏಕಸದಸ್ಯ ಆಯೋಗ ಬಹಿರಂಗ ವಿಚಾರಣೆ ನಡೆಸಿತು. ಆಯೋಗಕ್ಕೆ ನೆರವಾಗಲು ಬಂದವರು ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡ್. ಸರಕಾರದ ಸಂಬಳದವರಾದ್ದರಿಂದ ಸಚಿವರನ್ನು ಪಾರುಮಾಡುವುದೇ ತಮ್ಮ ಕೆಲಸವೆಂದು ಅವರು ಭಾವಿಸಲಿಲ್ಲ. ಸತ್ಯ ಹೊರಬರಲು ನೆರವಾದರು. ಸಚಿವಾಲಯದ ಅಧಿಕಾರಿ ಮಾಡಿದ್ದಕ್ಕೆ ಸಚಿವರೇ ಹೊಣೆ ಎಂದು ಆಯೋಗ ಹೇಳಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸೆಟಲ್ವಾಡ್ ಮಾತ್ರ 1963ರವರೆಗೂ ಅದೇ ಹುದ್ದೆಯಲ್ಲಿ ಮುಂದುವರಿದರು. ಕೆಲಸ ಮಾಡಿದವರ ದಿಟ್ಟತನದಷ್ಟೇ, ಅದನ್ನು ಸಹಿಸಿಕೊಂಡ ಅಧಿಕಾರಸ್ಥರ ಸಂಯಮವೂ ಇಲ್ಲಿ ಗಮನಾರ್ಹ.

ಆ ಸಂಯಮ ಹದಿನೇಳು ವರ್ಷಗಳ ನಂತರ ಉಳಿದಿರಲಿಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಜಾರಿಯಾಯಿತು. ಜೂನ್ 27ರಂದು ಹೊರಟ ರಾಷ್ಟ್ರಪತಿಗಳ ಆದೇಶವು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿನ ಬಾಗಿಲು ತಟ್ಟುವ ಅವಕಾಶವನ್ನೇ ತಡೆಹಿಡಿಯಿತು. ಅದೇ ದಿನ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿದ್ದ ಫಾಲಿ ನಾರಿಮನ್ ತಮ್ಮ ಹುದ್ದೆ ಬಿಟ್ಟರು. ಭಾಷಣವಿಲ್ಲ, ಪ್ರದರ್ಶನವಿಲ್ಲ, ಒಂದೇ ಸಾಲಿನ ರಾಜೀನಾಮೆ ಪತ್ರ.

ಬಂಧಿತರಾದವರು ಹೈಕೋರ್ಟುಗಳಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದಾಗ ಬಂಧನಕ್ಕೊಳಗಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರೂ ಅವರಲ್ಲಿದ್ದರು. ನಮ್ಮ ಹೈಕೋರ್ಟೂ ಸೇರಿದಂತೆ ಒಂಬತ್ತು ಹೈಕೋರ್ಟುಗಳು ಇಂತಹ ಅರ್ಜಿಗಳನ್ನು ಕೇಳಬಹುದು ಎಂದವು. ಸರಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. ಅಟಾರ್ನಿ ಜನರಲ್ ನಿರೇನ್ ಡೇ ವಾದ ಮಂಡಿಸಿದರು. ಪೊಲೀಸನೊಬ್ಬ ಕೇವಲ ಸ್ವಂತ ದ್ವೇಷದಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದರು ಡೇ. ಈ ಮಾತು ತನ್ನ ಆತ್ಮಸಾಕ್ಷಿಗೂ ಆಘಾತ ತರುವಂಥದ್ದು ಎಂದೂ ಅವರು ಒಪ್ಪಿಕೊಂಡರು.

ಡೇ ಅವರನ್ನು ಸುಲಭವಾಗಿ ಖಂಡಿಸಿಬಿಡಬಹುದು. ಆದರೆ ಅವರ ಪರವಾಗಿಯೂ ಹೇಳುವುದಿದೆ. ಕಕ್ಷಿದಾರನ ವಾದವನ್ನು ಮಂಡಿಸುವುದು ವಕೀಲನ ಧರ್ಮ. ಕೊಲೆ ಆರೋಪಿಗೂ ವಕೀಲರಿರುತ್ತಾರೆ. ಡೇ ಸುಳ್ಳು ಹೇಳಲಿಲ್ಲ. ಸರಕಾರದ ವಾದ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಪೀಠದ ಮುಂದೆ ಮುಚ್ಚುಮರೆಯಿಲ್ಲದೆ ಇಟ್ಟರು. ಆದರೂ ಒಂದು ವ್ಯತ್ಯಾಸವಿದೆ. ಖಾಸಗಿ ವಕೀಲನ ಕಕ್ಷಿದಾರ ಒಬ್ಬ ವ್ಯಕ್ತಿ. ಅಟಾರ್ನಿ ಜನರಲ್‌ರ ಕಕ್ಷಿದಾರ ಭಾರತ ಸರಕಾರ; ಜೈಲಿನಲ್ಲಿದ್ದವರೂ ಆ ಸರಕಾರದ ಪ್ರಜೆಗಳೇ. ಆತ್ಮಸಾಕ್ಷಿಗೆ ಆಘಾತವಾದ ಮೇಲೂ ಅದೇ ವಾದವನ್ನು ಮುಂದುವರಿಸಬೇಕೇ, ಅಥವಾ ಕಡತವನ್ನು ಹಿಂದಿರುಗಿಸಿ ಮನೆಗೆ ಹೋಗಬೇಕೇ? ನಾರಿಮನ್ ಮೊದಲ ವಾರದಲ್ಲೇ ಉತ್ತರಿಸಿದ್ದ ಪ್ರಶ್ನೆಯಿದು.

1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರಕಾರದ ವಾದವನ್ನು ಎತ್ತಿಹಿಡಿದರು. ಭಿನ್ನಮತ ಬರೆದವರು ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು. ಆ ತೀರ್ಪು ಅಧಿಕೃತವಾಗಿ ಅಳಿಯಲು 41 ವರ್ಷ ಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದುಗೊಳಿಸಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇದು ದಿಲ್ಲಿಯ ದೊಡ್ಡವರ ಕತೆ ಮಾತ್ರವಲ್ಲ. 1990ರಲ್ಲಿ ಉತ್ತರ ಪ್ರದೇಶ ಸರಕಾರ ಎಲ್ಲ ಜಿಲ್ಲೆಗಳ ಸರಕಾರಿ ವಕೀಲರನ್ನು ಒಂದೇ ಸುತ್ತೋಲೆಯಿಂದ ಕೈಬಿಟ್ಟಿತು. ಇವು ಪಕ್ಷದ ಆಸ್ತಿಯಲ್ಲ, ಸಾರ್ವಜನಿಕ ಹುದ್ದೆಗಳು ಎಂಬ ನೆಲೆಯಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಅಸಿಂಧುಗೊಳಿಸಿತು. ಬಡವನೊಬ್ಬನ ಮಗ ಗಲಭೆಯಲ್ಲಿ ಸತ್ತರೆ ಅವನ ಪರವಾಗಿ ಕೋರ್ಟಿನಲ್ಲಿ ನಿಲ್ಲುವವರು ಜಿಲ್ಲೆಯ ಪಬ್ಲಿಕ್ ಪ್ರಾಸಿಕ್ಯೂಟರ್. ಅಮಾಯಕನೊಬ್ಬ ಆರೋಪಿಯಾದರೆ ಸಾಕ್ಷ್ಯವನ್ನು ಬಚ್ಚಿಡದೆ ಕೋರ್ಟಿನ ಮುಂದಿಡಬೇಕಾದವರೂ ಅವರೇ. ಸರಕಾರ ಬದಲಾದಂತೆ ಅವರ ವಾದವೂ ಬದಲಾದರೆ ಸಾಮಾನ್ಯನಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಿ ಪ್ರಯೋಜನವೇನು?

ಸೆಟಲ್ವಾಡರಂಥವರು ಸಿಗುವುದು ನಮ್ಮ ಅದೃಷ್ಟವಾಗಬಾರದು, ವ್ಯವಸ್ಥೆಯಾಗಬೇಕು. ನೇಮಕಕ್ಕೆ ಅರ್ಹತೆಯೇ ಮಾನದಂಡವಾಗಬೇಕು, ಅವಧಿ ಮುಗಿಯುವ ಮುನ್ನ ತೆಗೆದರೆ ಕಾರಣ ಹೇಳಬೇಕು. ಅಲ್ಲಿಯವರೆಗೆ ಸರಕಾರಿ ವಕೀಲರ ಬಳಿ ಉಳಿಯುವ ರಕ್ಷಣೆ ಒಂದೇ: ಹುದ್ದೆ ಬಿಡಲು ಸದಾ ಸಿದ್ಧರಾಗಿರುವುದು.